ಪಹಣಿಯ 12ನೇ ಕಾಲಂನಲ್ಲಿ ಸಿಕ್ಕ ಅಜ್ಜ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡೋ ಮೂಡಿನಲ್ಲಿದ್ದೇನೆ. ವಂಶದ ಮೂಲ ಹುಡುಕುವ ಹುಚ್ಚು ಈಗ ಎಲ್ಲರಿಗೂ ಹಿಡಿದಿದೆ, ಒಳ್ಳೆಯದೇ, ಆದರೆ ಅದೇನೋ ಎಲ್ಲರ ಮುತ್ತಾತನೂ ಪಾಳೇಗಾರನ ಕಡೆಯವನೇ ಆಗಿರುತ್ತಾನೆ. ಇಲ್ಲಾಂದ್ರೆ ವಿಜಯನಗರದ ಸೇನೆಯಲ್ಲಿ ಕತ್ತಿ ಹಿಡಿದವನು. ಹಾಗಾದರೆ ರಾಗಿ ಬೆಳೆದವರು ಯಾರು ಸ್ವಾಮಿ? ಕೆರೆ ಏರಿಗೆ ಮಣ್ಣು ಹೊತ್ತವರು ಯಾರು?

ನಾನು ಹೇಳೋದು ಇಷ್ಟೇ. ಹಳೇ ಕಾಗದದಲ್ಲಿ ಹೆಸರು ಹುಡುಕುವ ಮುಂಚೆ, ಆ ಕಾಗದವನ್ನು ಯಾಕೆ ಬರೆದರು ಅಂತ ಕೇಳಿ. ನಮ್ಮ ಹಿರಿಯರನ್ನು ನೆನಪಿಡಲಿ ಅಂತ ಯಾವ ಶ್ಯಾನುಭೋಗನೂ ಬರೆಯಲಿಲ್ಲ. ಕಂದಾಯ ಯಾರಿಂದ ವಸೂಲಿ ಮಾಡಬೇಕು ಅಂತ ಬರೆದ. ನಾಡಕಚೇರಿಯಲ್ಲಿ ಮಾಡಿಸುವ ವಂಶವೃಕ್ಷವೂ ಅಷ್ಟೇ, ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ ಬೇಕು ಅಂತ ಮಾಡಿಸುತ್ತೇವೆ, ಹಾಗಾಗಿ ಖಾತೆ ಯಾರ ಹೆಸರಲ್ಲಿತ್ತೋ ಅವರಿಂದಲೇ ಮರ ಶುರು. ಅವರಪ್ಪನಿಗೆ ಜಮೀನು ಇರಲಿಲ್ಲ ಅಂದರೆ ಆತ ಹುಟ್ಟಿಯೇ ಇಲ್ಲ ಅನ್ನೋ ಹಾಗೆ!

ಜನಗಣತಿಯಲ್ಲಿ ಸಿಗಲ್ವಾ ಅಂತೀರಿ. ಬ್ರಿಟನ್ನಿನಲ್ಲಿ 100 ವರ್ಷ ಕಳೆದ ಮೇಲೆ, ಅಮೆರಿಕದಲ್ಲಿ 72 ವರ್ಷದ ಮೇಲೆ, ಮನೆಮನೆಯ ಹೆಸರಿನ ಪಟ್ಟಿಯನ್ನೇ ಜನರಿಗೆ ಬಿಡುತ್ತಾರೆ. ನಮ್ಮಲ್ಲಿ ಹಾಗಿಲ್ಲ. ನಮಗೆ ಸಿಗೋದು ಬರೀ ಲೆಕ್ಕ, ತಲೆ ಎಷ್ಟು, ಮನೆ ಎಷ್ಟು ಅಂತ.

ಸರಿ, ಎಲ್ಲಿ ಹುಡುಕೋದು? ಹಳೇ ಕೈಬರಹದ ಪಹಣಿ, ಅಂದರೆ ಹೊಲ ಯಾರದ್ದು, ಉಳುವವರು ಯಾರು ಅಂತ ಬರೆದಿಡುವ ಸರ್ಕಾರಿ ದಾಖಲೆ, ತೆಗೆಸಿದರೆ ಎಲ್ಲರ ಕಣ್ಣೂ 9ನೇ ಕಾಲಂಗೆ ಹೋಗುತ್ತದೆ, ಅಲ್ಲಿ ಮಾಲೀಕನ ಹೆಸರಿರುತ್ತದೆ. ನೀವು 12ಕ್ಕೆ ಹೋಗಿ. ಅಲ್ಲಿ ಸಾಗುವಳಿ ಮಾಡುತ್ತಿದ್ದವನ ಹೆಸರು. ನಮ್ಮಜ್ಜ ಸಿಕ್ಕಿದ್ದು ಅಲ್ಲೇ. ಬೇರೆಯವರ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ, ಮಾಡುತ್ತಿದ್ದರು, 9ನೇ ಕಾಲಂ ಅವರ ಪಾಲಿಗೆ ಇರಲೇ ಇಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋದರೆ ಭೂನ್ಯಾಯಮಂಡಳಿಯ ಕಡತ. ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ, 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಉಳುತ್ತಿದ್ದವರು ಫಾರಂ 7 ಹಾಕಿಕೊಂಡು ಈ ಮಂಡಳಿಯ ಮುಂದೆ ನನಗೆ ಕೊಡಿ ಅಂತ ಕೇಳಬೇಕಾಯಿತು. ಕರ್ನಾಟಕದ ಬಡ ರೈತನ ಬಗ್ಗೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಅಲ್ಲಿ ಆತ ಮಾತಾಡುತ್ತಾನೆ. ನಮ್ಮಜ್ಜನ ಹೇಳಿಕೆ ಒಂದೂವರೆ ಪುಟ ಇದೆ. ಬಿತ್ತನೆ ಬೀಜ ಯಾರದ್ದು, ಎತ್ತು ಯಾರದ್ದು, ಕಣದಲ್ಲಿ ರಾಗಿ ಹೇಗೆ ಪಾಲಾಗುತ್ತಿತ್ತು, ಎಲ್ಲ ಇದೆ. ರಸೀದಿ ಇದೆಯಾ ಅಂತ ಕೇಳಿದ್ದಕ್ಕೆ 'ಕೊಡುತ್ತಿರಲಿಲ್ಲ' ಅಂತ ಒಂದೇ ಮಾತು. ಕೆಳಗೆ ಹೆಬ್ಬೆಟ್ಟು, ಶಾಯಿ ಜಾಸ್ತಿಯಾಗಿ ಗೆರೆಗಳೆಲ್ಲ ಕೂಡಿಕೊಂಡಿವೆ, ಪಕ್ಕದಲ್ಲಿ ಗುಮಾಸ್ತರ ಮುದ್ದಾದ ಅಕ್ಷರದಲ್ಲಿ ಅಜ್ಜನ ಹೆಸರು, ಅವರಪ್ಪನ ಹೆಸರು. ಮುತ್ತಜ್ಜನ ಹೆಸರನ್ನು ನಾನು ಕಾಗದದ ಮೇಲೆ ಮೊದಲು ಕಂಡಿದ್ದು ಅಲ್ಲಿ.

ಮುತ್ತಜ್ಜ ಹುಟ್ಟಿದ್ದು ಯಾವಾಗ? ಮನೆಯಲ್ಲಿ ಹೇಳುತ್ತಿದ್ದದ್ದು 'ಧಾತು ಬರದಲ್ಲಿ' ಅಂತ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಹಾಗಾಗಿ ಧಾತು ಅಂದರೆ 1876 ಆಗಬಹುದು, 1936 ಆಗಬಹುದು. ಬರ ಅನ್ನೋ ಮಾತು ಜೊತೆಗಿದ್ದದ್ದರಿಂದ ಗೊಂದಲ ಇಲ್ಲ, 1876ರಿಂದ 78ರವರೆಗೆ ಬಿದ್ದ ಧಾತು–ಈಶ್ವರದ ಬರ ಅದು. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಹತ್ತು ವರ್ಷದಲ್ಲಿ ಜನಸಂಖ್ಯೆ ಬೆಳೆಯಬೇಕಿತ್ತು, ಇಳಿಯಿತು. ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸ ಶುರುವಾದದ್ದೂ ಆಗಲೇ, ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ.

ಈಗ ನೋಡಿ, ನಮ್ಮ ಮನೆದೇವರು ಇರೋದು ನಮ್ಮೂರಲ್ಲಲ್ಲ, ಎರಡು ತಾಲ್ಲೂಕು ಆಚೆ. ಆ ಊರಲ್ಲಿ ನಮಗೆ ಜಮೀನಿಲ್ಲ, ನೆಂಟರಿಲ್ಲ, ಆದರೂ ಮುಡಿ ಕೊಡೋಕೆ ಅಲ್ಲಿಗೇ ಹೋಗುತ್ತೇವೆ. ಯಾರೋ ಒಬ್ಬರು ಯಾವಾಗಲೋ ಅಲ್ಲಿಂದ ಎದ್ದು ಬಂದಿದ್ದಾರೆ ಅಂತಾಯಿತು. ಆ ಬರದಲ್ಲೇ ಬಂದರು ಅಂತ ನಾನು ಆಣೆ ಇಟ್ಟು ಹೇಳಲಾರೆ. ಆದರೆ ಪಾಳೇಗಾರನ ಕಥೆಗಿಂತ ಇದು ನಂಬೋ ಹಾಗಿದೆ, ಅಲ್ವಾ? ನಿಮ್ಮ ಮನೆದೇವರು ಎಲ್ಲಿದೆ ಅಂತ ಒಮ್ಮೆ ನಕ್ಷೆಯಲ್ಲಿ ನೋಡಿ.

ಉತ್ತರ ಕರ್ನಾಟಕದವರು ಈ ವಿಷಯದಲ್ಲಿ ಪುಣ್ಯವಂತರು, ಅವರಿಗೆ ಹೆಳವರಿದ್ದಾರೆ. ಎತ್ತಿನ ಮೇಲೆ ಊರೂರು ತಿರುಗಿ, ಮನೆ ಬಾಗಿಲಲ್ಲಿ ನಿಂತು, ಆ ಮನೆತನ ಎಲ್ಲಿಂದ ಬಂತು, ಯಾರಿಗೆ ಯಾರು ಮಗ ಅಂತ ಹೇಳುತ್ತಾರೆ, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಕಾಳು ಕೊಟ್ಟು ಕಳಿಸೋದಲ್ಲ, ಕೂರಿಸಿ ಕೇಳಿ.

ಹೆಣ್ಣುಮಕ್ಕಳ ಕಥೆ ಬೇರೆ. ಜಮೀನು ಇಲ್ಲ ಅಂದಮೇಲೆ ಹೆಸರೂ ಇಲ್ಲ. ವಿಧವೆಯಾದರೆ ಮಾತ್ರ ವಿಭಾಗ ಪತ್ರದಲ್ಲಿ 'ಜೀವನಾಂಶ' ಅನ್ನೋ ಸಾಲಿನಲ್ಲಿ ಕಾಣಿಸುತ್ತಾರೆ, ವರ್ಷಕ್ಕೆ ಇಷ್ಟು ರಾಗಿ, ಇಷ್ಟು ಬಟ್ಟೆ ಅಂತ. ನನ್ನ ಮುತ್ತಜ್ಜಿ ಅಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಪಕ್ಕದವರ ಕ್ರಯಪತ್ರದಲ್ಲಿ! ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ತೆಗೆಸಿದ ನಕಲು, ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ, ಬರೆದ ಜಾಗದಲ್ಲಿ, 'ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ' ಅಂತ ಮುತ್ತಜ್ಜಿಯ ಹೆಸರು, 'ಅವರ ಹಿತ್ತಲು'. ಅಂದರೆ ಅವರಿಗೊಂದು ಹಿತ್ತಲಿತ್ತು, ಊರಿನವರ ಬಾಯಲ್ಲಿ ಅದು ಅವರ ಹೆಸರಲ್ಲೇ ಇತ್ತು. ಅದಕ್ಕೇ ಹೇಳೋದು, ನಿಮ್ಮವರನ್ನು ಹುಡುಕುವಾಗ ಅಕ್ಕಪಕ್ಕದವರ ಪತ್ರಗಳನ್ನೂ ತೆಗೆಸಿ.

ಕೊನೆಗೆ ಸರ್ಕಾರಕ್ಕೊಂದು ಮಾತು. ಭೂ ಸುರಕ್ಷಾ ಅಂತ ತಾಲ್ಲೂಕು ಕಚೇರಿಯ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದೀರಿ, ಗೆದ್ದಲು ತಿನ್ನುವ ಮುಂಚೆ ಆಗುತ್ತಿರುವುದಕ್ಕೆ ಖುಷಿ. ಭೂನ್ಯಾಯಮಂಡಳಿಯ ಹೇಳಿಕೆಗಳನ್ನು ಒಂದು ಹಾಳೆಯೂ ಬಿಡದೆ ಮಾಡಿ. ಸರ್ವೆ ನಂಬರ್ ಹೊಡೆದರೆ ಮಾತ್ರ ಬರುವ ಹಾಗಿಡಬೇಡಿ, ಜಮೀನೇ ಇಲ್ಲದವನ ಮೊಮ್ಮಗ ಯಾವ ಸರ್ವೆ ನಂಬರ್ ಹೊಡೆಯಬೇಕು? ಸಾಗುವಳಿದಾರನ ಹೆಸರಿನಿಂದ, ಊರಿನ ಹೆಸರಿನಿಂದ ಹುಡುಕುವ ಹಾಗೆ ಮಾಡಿಕೊಡಿ.