ಯಾರೂ ನೋಡಬಾರದೆಂದು ಬರೆದ ಗೋಡೆಗಳು

ಕೇಳುಗರಿಗೆ ನಮಸ್ಕಾರ.

ಈಜಿಪ್ಟಿನ ಅರಸರ ಸಮಾಧಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡೇ. ಒಂದು ಪಿರಮಿಡ್, ಇನ್ನೊಂದು ಟೂಟಾಂಖಾಮನ್. ಇವತ್ತು ಎರಡನ್ನೂ ಪಕ್ಕಕ್ಕಿಡೋಣ. ಟೂಟಾಂಖಾಮನ್ ಸಮಾಧಿಯಲ್ಲಿ ಚಿನ್ನ ಸಿಕ್ಕಿತು, ಹಾಗಾಗಿ ಹೆಸರು ಬಂತು. ಕಟ್ಟಡದ ಲೆಕ್ಕದಲ್ಲಿ ನೋಡಿದರೆ ಅದು ತೀರಾ ಚಿಕ್ಕದು. ನಾಲ್ಕು ಕೋಣೆ, ಅದರಲ್ಲಿ ಚಿತ್ರ ಇರುವುದು ಒಂದರಲ್ಲಿ ಮಾತ್ರ. ನಾನು ಹೇಳಹೊರಟಿರುವುದು ಅದು ಇರುವ ಕಣಿವೆಯಲ್ಲೇ ಇರುವ ಇನ್ನೊಬ್ಬ ಅರಸನ ಸಮಾಧಿಯ ವಿಷಯ. ಅವನ ಹೆಸರು ಸೇಟಿ. ಒಂದನೇ ಸೇಟಿ. ಕ್ರಿ.ಪೂ. 1290ರ ಸುಮಾರಿಗೆ ಪಟ್ಟಕ್ಕೆ ಬಂದ, ಹತ್ತು ಹನ್ನೊಂದು ವರ್ಷ ಆಳಿದ. ಪ್ರಸಿದ್ಧನಾದ ಎರಡನೇ ರಾಮ್ಸೆಸ್ ಇವನ ಮಗ.

ನೈಲ್ ನದಿಯ ಪೂರ್ವ ದಡದಲ್ಲಿ ಲಕ್ಸರ್ ಊರು. ಪಶ್ಚಿಮ ದಡದಲ್ಲಿ ಬೋಳು ಸುಣ್ಣಕಲ್ಲಿನ ಗುಡ್ಡಗಳು. ಸೂರ್ಯ ಮುಳುಗುವ ದಿಕ್ಕು ಅದು, ಹಾಗಾಗಿ ಸತ್ತವರ ದಿಕ್ಕೂ ಅದೇ. ಆ ಗುಡ್ಡಗಳ ನಡುವೆ ಇರುವುದೇ ರಾಜರ ಕಣಿವೆ. ಹಳೆಯ ಅರಸರು ಪಿರಮಿಡ್ ಕಟ್ಟಿಸಿದ್ದರಲ್ವಾ, ದೂರದಿಂದಲೇ ಕಾಣುತ್ತಿದ್ದವು, ಕಳ್ಳರಿಗೆ ಹುಡುಕುವ ಕಷ್ಟವೇ ಇರಲಿಲ್ಲ. ಸೇಟಿಯ ಕಾಲದ ಅರಸರು ಹಾಗೆ ಮಾಡಲಿಲ್ಲ. ಗುಡ್ಡವನ್ನೇ ಕೊರೆದು ಒಳಗೆ ಹೋದರು, ಬಾಗಿಲು ಮುಚ್ಚಿಸಿದರು.

ಸೇಟಿಯ ಸಮಾಧಿಯನ್ನು 1817ರ ಅಕ್ಟೋಬರ್‌ನಲ್ಲಿ ಮತ್ತೆ ತೆರೆಸಿದವನು ಜೊವಾನಿ ಬೆಲ್ಜೋನಿ. ಇಟಲಿಯ ಪಾದುವಾ ಊರಿನವನು. ಆಜಾನುಬಾಹು. ಇಂಗ್ಲೆಂಡಿನಲ್ಲಿ ಒಂದಷ್ಟು ಕಾಲ ರಂಗದ ಮೇಲೆ ಭಾರ ಎತ್ತಿ ತೋರಿಸಿ ಹೊಟ್ಟೆ ಹೊರೆದಿದ್ದ. ಈಜಿಪ್ಟಿಗೆ ಬಂದದ್ದು ಹೊಲಕ್ಕೆ ನೀರೆತ್ತುವ ಯಂತ್ರ ಮಾರಲು. ಅದು ಮಾರಾಟವಾಗಲಿಲ್ಲ, ಪ್ರಾಚೀನ ವಸ್ತುಗಳ ಕಡೆ ತಿರುಗಿದ. ಮಳೆ ಬಂದಾಗ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ಇಂಗುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾರೂ ಅಗೆಯದ ಒಂದು ಇಳಿಜಾರಿನ ಬುಡದಲ್ಲಿ ಅಗೆಸಿದ. ಬಾಗಿಲು ಸಿಕ್ಕಿತು.

ಒಳಗೆ ಇಳಿಯೋಣ. ಮೊದಲು ಮೆಟ್ಟಿಲು, ಆಮೇಲೆ ಉದ್ದನೆಯ ಓಣಿ, ಮತ್ತೆ ಮೆಟ್ಟಿಲು, ಮತ್ತೆ ಓಣಿ. ಎಲ್ಲವೂ ಕೆಳಕ್ಕೇ. ಮೊದಲ ಓಣಿಯ ಚಾವಣಿಯಲ್ಲಿ ರೆಕ್ಕೆ ಹರಡಿದ ರಣಹದ್ದುಗಳು ಸಾಲಾಗಿ ಒಳಮುಖವಾಗಿ ಹಾರುತ್ತಿವೆ. ಎಡಗೋಡೆಯ ಮೇಲೆ ಅರಸ, ಅವನೆದುರು ಗಿಡುಗನ ತಲೆಯ ಸೂರ್ಯದೇವರು. ಅಲ್ಲಿಂದ ಮುಂದಕ್ಕೆ ಸೂರ್ಯನ 75 ರೂಪಗಳ ಸ್ತುತಿ, ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಕೊರೆದ ಅಕ್ಷರಗಳಲ್ಲಿ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಇದನ್ನೆಲ್ಲ ನಾವು ಅಲಂಕಾರ ಅನ್ನುತ್ತೇವೆ. ನನಗೆ ಆ ಮಾತು ಸರಿ ಅನ್ನಿಸುವುದಿಲ್ಲ. ಅಲಂಕಾರ ಮಾಡುವುದು ನೋಡುವವರಿಗಾಗಿ. ಇಲ್ಲಿ ನೋಡುವವರೇ ಇಲ್ಲ. ಅರಸನನ್ನು ಒಳಗಿಟ್ಟು ಬಾಗಿಲು ಮುಚ್ಚಿದ ಮೇಲೆ ಒಳಗೆ ಬರೀ ಕತ್ತಲು. ಚಿತ್ರಗಳು ಆ ಕತ್ತಲಲ್ಲೇ ಕೆಲಸ ಮಾಡಬೇಕು. ಏನು ಕೆಲಸ? ಸಂಜೆ ಮುಳುಗಿದ ಸೂರ್ಯ ರಾತ್ರಿಯಿಡೀ ನೆಲದಡಿ ದೋಣಿಯಲ್ಲಿ ಸಾಗುತ್ತಾನೆ ಎಂದು ಅವರ ನಂಬಿಕೆ. ಹನ್ನೆರಡು ಗಂಟೆಯ ಪ್ರಯಾಣ. ಪ್ರತಿ ಗಂಟೆಗೊಂದು ಬಾಗಿಲು, ಬಾಗಿಲಿಗೊಂದು ಕಾವಲು ಹಾವು. ನಡುವೆ ಅಪೋಫಿಸ್ ಎಂಬ ದೊಡ್ಡ ಸರ್ಪ ದೋಣಿಗೆ ಅಡ್ಡ ಬರುತ್ತದೆ. ಅದನ್ನೆಲ್ಲ ದಾಟಿದರೆ ಬೆಳಗ್ಗೆ ಮತ್ತೆ ಹುಟ್ಟು. ಸತ್ತ ಅರಸ ಆ ದೋಣಿ ಹತ್ತಬೇಕು. ಅದಕ್ಕೆ ಬೇಕಾದ ದಾರಿ, ಹೆಸರು, ಬಾಗಿಲಲ್ಲಿ ಹೇಳಬೇಕಾದ ಮಾತು ಎಲ್ಲವೂ ಗೋಡೆಯ ಮೇಲಿವೆ. ಸಮಾಧಿ ಕೆಳಕ್ಕೆ ಇಳಿಯುತ್ತಾ ಹೋಗುವುದೂ ಇದೇ ಕಾರಣಕ್ಕೆ. ಕಟ್ಟಡ ಮತ್ತು ಚಿತ್ರ ಎರಡೂ ಸೇರಿಯೇ ಆ ರಾತ್ರಿಯ ದಾರಿ.

ಸೇಟಿಗಿಂತ ಮುಂಚಿನ ಅರಸರ ಸಮಾಧಿಗಳಲ್ಲಿ ಕೆಲವು ಕೋಣೆಗಳಿಗೆ ಮಾತ್ರ ಚಿತ್ರವಿರುತ್ತಿತ್ತು. ಬಾಗಿಲಿಂದ ಹಿಡಿದು ಒಳಗಿನ ತುದಿಯವರೆಗೆ ಗೋಡೆ, ಕಂಬ, ಚಾವಣಿ ಯಾವುದನ್ನೂ ಬಿಡದೆ ತುಂಬಿಸಿದ್ದು ಈ ಸಮಾಧಿಯಲ್ಲೇ ಮೊದಲು. ಉದ್ದ ಸುಮಾರು 137 ಮೀಟರ್. ಕಣಿವೆಯ ಉದ್ದನೆಯ ಸಮಾಧಿಗಳಲ್ಲಿ ಇದೂ ಒಂದು.

ಓಣಿ ಮುಗಿದ ಮೇಲೆ ಬೆಲ್ಜೋನಿಗೆ ಎದುರಾದದ್ದು ಒಂದು ಆಳವಾದ ಗುಂಡಿ. ದಾರಿಯ ಅಗಲಕ್ಕೂ ಬಾಯಿ ತೆರೆದ ಗುಂಡಿ. ಆಚೆ ಬದಿಯಲ್ಲಿ ಗೋಡೆ, ಅದರ ಮೇಲೆ ದೇವರ ಚಿತ್ರಗಳು. ನೋಡಿದವರಿಗೆ ಸಮಾಧಿ ಇಲ್ಲಿಗೇ ಮುಗಿಯಿತು ಅನ್ನಿಸಬೇಕು. ಆದರೆ ಆ ಗೋಡೆಯಲ್ಲಿ ಚಿಕ್ಕ ತೂತಿತ್ತು. ಹಗ್ಗವೂ ನೇತಾಡುತ್ತಿತ್ತು. ಅಂದರೆ ಹಿಂದಿನ ಕಾಲದ ಕಳ್ಳರು ಈ ಮೋಸಕ್ಕೆ ಬಿದ್ದಿರಲಿಲ್ಲ. ಮಾರನೇ ದಿನ ಬೆಲ್ಜೋನಿ ಮರದ ತೊಲೆ ತರಿಸಿ ಗುಂಡಿ ದಾಟಿ, ತೂತಿನಲ್ಲಿ ನುಸುಳಿದ.

ಆಚೆ ಇದ್ದದ್ದು ನಾಲ್ಕು ಕಂಬಗಳ ಕೋಣೆ. ಇಲ್ಲಿನ ಒಂದು ಚಿತ್ರಪಟ್ಟಿಯಲ್ಲಿ ಈಜಿಪ್ಟಿನವರು, ಏಷ್ಯಾದವರು, ನೂಬಿಯಾದವರು, ಲಿಬಿಯಾದವರು ಸಾಲಾಗಿ ನಡೆಯುತ್ತಾರೆ. ಒಬ್ಬೊಬ್ಬರ ಬಟ್ಟೆ, ಗಡ್ಡ, ಮೈಬಣ್ಣ ಬೇರೆ ಬೇರೆ. ಅವರಿಗೆ ಗೊತ್ತಿದ್ದ ಲೋಕದ ಜನರಿಗೆಲ್ಲ ಸತ್ತ ಮೇಲೆ ಜಾಗವಿದೆ ಎಂಬ ಲೆಕ್ಕ.

ಇದರಾಚೆಗಿನ ಕೋಣೆ ನೋಡಿ. ಇಡೀ ಸಮಾಧಿಯಲ್ಲಿ ಒಂದೇ ಕೋಣೆ ಆರಿಸಿಕೋ ಅಂದರೆ ನಾನು ಆರಿಸುವುದು ಇದನ್ನೇ. ಇಲ್ಲಿ ಬಣ್ಣವಿಲ್ಲ, ಕೆತ್ತನೆಯೂ ಇಲ್ಲ. ಬರೀ ಗೆರೆ. ಗೋಡೆಯನ್ನು ನುಣುಪು ಮಾಡಿದ್ದಾರೆ, ಅದರ ಮೇಲೆ ಕೆಂಪು ಗೆರೆಯಲ್ಲಿ ಮೊದಲ ಕರಡು. ಆಮೇಲೆ ಮೇಸ್ತ್ರಿ ಬಂದು ಕಪ್ಪು ಗೆರೆಯಲ್ಲಿ ತಿದ್ದಿದ್ದಾನೆ. ಒಂದು ತೋಳು ಸ್ವಲ್ಪ ಮೇಲಕ್ಕೆ, ಒಂದು ಮೊಣಕಾಲು ಸ್ವಲ್ಪ ಒಳಕ್ಕೆ. ಕುಂಚ ಎಲ್ಲೂ ತಡವರಿಸಿಲ್ಲ, ಭುಜದಿಂದ ಪಾದದವರೆಗೆ ಒಂದೇ ಎಳೆತ. ಮುಗಿದ ಕೋಣೆಗಳಲ್ಲಿ ಎಲ್ಲವೂ ಎಷ್ಟು ಅಚ್ಚುಕಟ್ಟೆಂದರೆ ಮಾಡಿದವರು ಕಾಣುವುದೇ ಇಲ್ಲ. ಇಲ್ಲಿ ಕಲಿಯುವವನೂ ಕಾಣುತ್ತಾನೆ, ಕಲಿಸುವವನೂ ಕಾಣುತ್ತಾನೆ. ಬೇಕೆಂದೇ ಹೀಗೆ ಬಿಟ್ಟರೋ, ಸಮಯ ಸಾಲಲಿಲ್ಲವೋ ಎಂದು ಪಂಡಿತರು ಇನ್ನೂ ವಾದಿಸುತ್ತಿದ್ದಾರೆ, ವಾದಿಸಲಿ.

ಯಾರು ಈ ಕೆಲಸಗಾರರು? ಗುಡ್ಡದ ಆಚೆ ಡೇರ್ ಎಲ್ ಮದೀನಾ ಎಂಬ ಹಳ್ಳಿ. ಅರಸರ ಸಮಾಧಿ ಕೊರೆಯುವವರೇ ಅಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದರು. ಅವರಲ್ಲಿ ಎಡದ ತಂಡ, ಬಲದ ತಂಡ ಅಂತ ಎರಡು ಗುಂಪು. ವಾರ ಅಂದರೆ ಹತ್ತು ದಿನ. ಸಂಬಳ ದುಡ್ಡಿನಲ್ಲಲ್ಲ, ಗೋಧಿ ಮತ್ತು ಬಾರ್ಲಿಯಲ್ಲಿ. ತಾಮ್ರದ ಉಳಿ ಸರ್ಕಾರದ್ದು, ಕೊಡುವಾಗಲೂ ತೂಕ, ವಾಪಸು ತೆಗೆದುಕೊಳ್ಳುವಾಗಲೂ ತೂಕ. ದೀಪಕ್ಕೆ ನಾರುಬಟ್ಟೆಯ ಬತ್ತಿ. ದಿನಕ್ಕೆ ಎಷ್ಟು ಬತ್ತಿ ಖರ್ಚಾಯಿತು ಅನ್ನುವುದನ್ನೂ ಗುಮಾಸ್ತ ಕಲ್ಲುಚೂರುಗಳ ಮೇಲೆ ಬರೆದಿಡುತ್ತಿದ್ದ. ಆ ಚೂರುಗಳು ಕಸದ ಗುಂಡಿಯಲ್ಲಿ ಸಿಕ್ಕಿವೆ. ಅರಸರು ತಮ್ಮ ಬಗ್ಗೆ ಬರೆಸಿದ್ದೆಲ್ಲ ಹೊಗಳಿಕೆ. ಈ ಜನರ ನಿಜವಾದ ಬದುಕು ಗೊತ್ತಾಗುವುದು ಇಂಥ ಚಿಲ್ಲರೆ ಲೆಕ್ಕದಿಂದ.

ಗೆರೆ ಹಾಕುವ ಕ್ರಮವೂ ಸುಮ್ನೆ ಅಲ್ಲ. ನಮ್ಮ ಬಡಗಿಗಳು ನೂಲಿಗೆ ಬಣ್ಣ ಹಚ್ಚಿ, ಬಿಗಿಹಿಡಿದು, ಚಟ್ಟನೆ ಬಿಟ್ಟು ಗುರುತು ಹಾಕುತ್ತಾರಲ್ಲ, ಹಾಗೆಯೇ ಗೋಡೆಯ ಮೇಲೆ ಕೆಂಪು ಚೌಕಗಳು. ನಿಂತ ಮನುಷ್ಯ ಅಂದರೆ ಪಾದದಿಂದ ಹಣೆಯ ಕೂದಲಂಚಿನವರೆಗೆ 18 ಚೌಕ. ಆ ಲೆಕ್ಕ ಹಿಡಿದರೆ ಚಿತ್ರ ಎಷ್ಟೇ ದೊಡ್ಡದಾದರೂ ಅಳತೆ ಕೆಡುವುದಿಲ್ಲ. ಕರಡು ತಿದ್ದಿದ ಮೇಲೆ ಸುತ್ತಲಿನ ಕಲ್ಲನ್ನು ಕೆತ್ತಿ ತೆಗೆದು ಚಿತ್ರವನ್ನು ಉಬ್ಬಿಸುತ್ತಿದ್ದರು. ಉಬ್ಬು ಜಾಸ್ತಿ ಇಲ್ಲ. ಆದರೂ ಅರಸನ ಕೆನ್ನೆಯ ತಿರುವು, ತೆಳು ಬಟ್ಟೆಯ ನೆರಿಗೆ, ಒಳಗಿಂದ ಕಾಣುವ ಕಾಲು ಎಲ್ಲವೂ ಅದರಲ್ಲೇ ಇವೆ. ಕೊನೆಗೆ ಬಣ್ಣ. ಕೆಂಪು ಮತ್ತು ಹಳದಿ ಮಣ್ಣಿನಿಂದ, ಕಪ್ಪು ಮಸಿಯಿಂದ. ನೀಲಿ ಮಾತ್ರ ಹಾಗೆ ಸಿಗುವುದಿಲ್ಲ. ಮರಳು, ಸುಣ್ಣ, ತಾಮ್ರ ಸೇರಿಸಿ ಕುಲುಮೆಯಲ್ಲಿ ಸುಟ್ಟು, ಅರೆದು ಮಾಡಬೇಕು. ಮನುಷ್ಯ ತಾನೇ ತಯಾರಿಸಿದ ಮೊದಮೊದಲ ಬಣ್ಣಗಳಲ್ಲಿ ಇದೂ ಒಂದು. ಬಾನುಲಿಯಲ್ಲಿ ಬಣ್ಣ ತೋರಿಸಲು ಆಗುವುದಿಲ್ಲ, ಏನು ಮಾಡೋಣ!

ನಾಲ್ಕು ಕಂಬಗಳ ಕೋಣೆಯ ನೆಲದಲ್ಲೇ, ಎಡಬದಿಗೆ, ಇನ್ನೊಂದು ಮೆಟ್ಟಿಲ ಸಾಲು ಇಳಿಯುತ್ತದೆ. ಇದನ್ನೂ ಮುಚ್ಚಿ ಮರೆಮಾಡಿದ್ದರು. ಮುಂದಿನ ಓಣಿಗಳಲ್ಲಿ ‘ಬಾಯಿ ತೆರೆಸುವ’ ಶಾಸ್ತ್ರದ ಚಿತ್ರಗಳಿವೆ. ಸತ್ತ ಅರಸ ಮತ್ತೆ ಉಣ್ಣಲಿ, ಮಾತಾಡಲಿ ಎಂದು ಪುರೋಹಿತರು ಅವನ ಮೂರ್ತಿಯ ಬಾಯಿಗೆ ಸಲಕರಣೆ ಮುಟ್ಟಿಸುವ ವಿಧಿ ಅದು.

ಕೊನೆಗೆ ಅರಸನ ಕೋಣೆ. ಮೇಲ್ಮಟ್ಟದಲ್ಲಿ ಆರು ಕಂಬ, ಅದರಾಚೆ ನೆಲ ತಗ್ಗಾಗುತ್ತದೆ, ಚಾವಣಿ ಕಮಾನಾಗಿ ಏಳುತ್ತದೆ. ಆ ಕಮಾನಿನ ತುಂಬ ರಾತ್ರಿಯ ಆಕಾಶ. ಕಡುನೀಲಿಯ ಮೇಲೆ ಹಳದಿಯಲ್ಲಿ ಬರೆದ ತಾರಾಮಂಡಲಗಳು. ನಾವು ಸಪ್ತರ್ಷಿ ಅನ್ನುವ ನಕ್ಷತ್ರಗಳು ಇಲ್ಲಿ ಒಂದು ಗೂಳಿ. ಪಕ್ಕದಲ್ಲಿ ಬೆನ್ನ ಮೇಲೆ ಮೊಸಳೆ ಹೊತ್ತು ನಿಂತ ನೀರಾನೆ. ಸಿಂಹ. ಉತ್ತರದ ಈ ನಕ್ಷತ್ರಗಳು ಎಂದೂ ಮುಳುಗುವುದಿಲ್ಲವೆಂದು ಅವರು ಕಂಡುಕೊಂಡಿದ್ದರು. ಸಾಯದವನಾಗಬೇಕೆಂಬ ಅರಸನ ತಲೆಯ ಮೇಲೆ ಮುಳುಗದ ನಕ್ಷತ್ರಗಳನ್ನೇ ಬರೆದರು.

ಪಕ್ಕದ ಸಣ್ಣ ಕೋಣೆಯೊಂದರಲ್ಲಿ ದೊಡ್ಡದೊಂದು ಹಸುವಿನ ಚಿತ್ರ. ಅದರ ಕಥೆ ಹೀಗೆ. ಸೂರ್ಯದೇವರಿಗೆ ವಯಸ್ಸಾಯಿತು, ಮನುಷ್ಯರು ತಿರುಗಿಬಿದ್ದರು. ಸಿಟ್ಟಿಗೆದ್ದ ದೇವರು ಅವರನ್ನು ಕೊಲ್ಲಲು ದೇವಿಯನ್ನು ಕಳಿಸಿದ. ಅವಳು ರಕ್ತದ ರುಚಿ ಹತ್ತಿ ನಿಲ್ಲಿಸಲೇ ಇಲ್ಲ. ಹೀಗೇ ಬಿಟ್ಟರೆ ಯಾರೂ ಉಳಿಯುವುದಿಲ್ಲ ಅಂತ ದೇವರಿಗೇ ಭಯವಾಯಿತು. ಬೀರಿಗೆ ಕೆಂಪು ಬಣ್ಣ ಬೆರೆಸಿ ಹೊಲದ ತುಂಬ ಸುರಿಸಿದ. ಅವಳು ರಕ್ತವೆಂದು ಕುಡಿದು, ಅಮಲೇರಿ, ಬಂದ ಕೆಲಸವನ್ನೇ ಮರೆತಳು. ಜನ ಬದುಕಿಕೊಂಡರು. ಬೇಸತ್ತ ಸೂರ್ಯದೇವರು ಆಕಾಶವೆಂಬ ಹಸುವಿನ ಬೆನ್ನೇರಿ ಭೂಮಿ ಬಿಟ್ಟು ಹೋದ. ಆ ಹಸುವೇ ಗೋಡೆಯ ಮೇಲಿರುವುದು. ಅದರ ಕಾಲು ನಡುಗದಂತೆ ದೇವತೆಗಳು ಹಿಡಿದುಕೊಂಡಿದ್ದಾರೆ.

ಕಮಾನಿನ ಕೆಳಗೆ ಬೆಲ್ಜೋನಿಗೆ ಸಿಕ್ಕಿದ್ದು ಖಾಲಿ ಶವಪೆಟ್ಟಿಗೆ. ಬಿಳಿಯ ಅಲಬಾಸ್ಟರ್ ಕಲ್ಲಿನದು. ಒಳಗೆ ದೀಪವಿಟ್ಟರೆ ಕಲ್ಲು ಬೆಳಕು ಬಿಡುವಷ್ಟು ತೆಳು. ಒಳಗೂ ಹೊರಗೂ ನೂರಾರು ಪುಟ್ಟ ಚಿತ್ರಗಳನ್ನು ಕೊರೆದು ನೀಲಿ ತುಂಬಿಸಿದ್ದರು. ಅದನ್ನು ಲಂಡನ್ನಿಗೆ ಸಾಗಿಸಿದರು. ಬ್ರಿಟಿಷ್ ಮ್ಯೂಸಿಯಂ ಬೆಲೆ ಜಾಸ್ತಿ ಅಂದಿತು. 1824ರಲ್ಲಿ ಜಾನ್ ಸೋನ್ ಎಂಬ ವಾಸ್ತುಶಿಲ್ಪಿ 2000 ಪೌಂಡ್ ಕೊಟ್ಟು ಕೊಂಡ. ಈಗಲೂ ಲಂಡನ್ನಿನ ಅವನ ಮನೆಯಲ್ಲೇ ಇದೆ, ಆ ಮನೆಯೇ ಈಗ ಮ್ಯೂಸಿಯಂ. ಸೇಟಿಯ ದೇಹವನ್ನು ಹಿಂದಿನ ಕಾಲದ ಪುರೋಹಿತರೇ ಕಳ್ಳರ ಕಾಟಕ್ಕೆ ಹೆದರಿ ಬೇರೆಡೆ ಬಚ್ಚಿಟ್ಟಿದ್ದರು. 1881ರಲ್ಲಿ ಅದು ಬೇರೆ ಅರಸರ ದೇಹಗಳ ಜೊತೆ ಸಿಕ್ಕಿತು. 2021ರಲ್ಲಿ ಕೈರೋದಲ್ಲಿ ಮೆರವಣಿಗೆ ಮಾಡಿ ಹೊಸ ಮ್ಯೂಸಿಯಂಗೆ ಸಾಗಿಸಿದರಲ್ಲ, ಅವರಲ್ಲಿ ಇವನೂ ಇದ್ದ.

ಸಮಾಧಿ ಸಿಕ್ಕ ಸುದ್ದಿ ಕೇಳಿ ಆ ಸೀಮೆಯ ತುರ್ಕಿ ಅಧಿಕಾರಿ ಕುದುರೆ ಸವಾರರ ಜೊತೆ ಧಾವಿಸಿ ಬಂದನಂತೆ. ಗೋಡೆಗಳ ಕಡೆ ನೋಡಲೂ ಇಲ್ಲ. ಮೂಲೆ ಮೂಲೆ ಹುಡುಕಿಸಿ, ವಜ್ರ ಮುತ್ತು ತುಂಬಿದ ಚಿನ್ನದ ಹುಂಜ ಎಲ್ಲಿಟ್ಟಿದ್ದೀಯ ಎಂದು ಬೆಲ್ಜೋನಿಯನ್ನು ಕೇಳಿದನಂತೆ. ನಗು ಬರುತ್ತದೆ. ಆದರೆ ಗೋಡೆಗೆ ಕೈ ಹಾಕಿದವರು ಓದುಬರಹ ಬಲ್ಲವರೇ. ಬೆಲ್ಜೋನಿ ಮೇಣದ ಅಚ್ಚು ತೆಗೆಯಲು ಹೋಗಿ ಬಣ್ಣ ಕಿತ್ತ. ಈಜಿಪ್ಟಿನ ಲಿಪಿಯನ್ನು ಓದಿ ತೋರಿಸಿದ ಶಾಂಪೋಲಿಯನ್ ಮತ್ತು ಅವನ ಜೊತೆಗಾರ ರೊಸೆಲ್ಲಿನಿ 1829ರಲ್ಲಿ ಬಾಗಿಲ ಪಕ್ಕದ ಎರಡು ಚಿತ್ರಗಳನ್ನು ಗೋಡೆಯಿಂದಲೇ ಕತ್ತರಿಸಿ ಒಯ್ದರು. ಒಂದು ಪ್ಯಾರಿಸ್ಸಿನಲ್ಲಿದೆ, ಇನ್ನೊಂದು ಫ್ಲಾರೆನ್ಸಿನಲ್ಲಿ.

ಇದೆಲ್ಲಕ್ಕಿಂತ ನನಗೆ ಹೊಟ್ಟೆಯುರಿಯುವುದು ಆ ಗುಂಡಿಯ ವಿಷಯದಲ್ಲಿ. ಕಳ್ಳರನ್ನು ತಡೆಯುವುದಷ್ಟೇ ಅದರ ಕೆಲಸವಾಗಿರಲಿಲ್ಲ. ಮರುಭೂಮಿಯಲ್ಲಿ ಅಪರೂಪಕ್ಕೆ ಬರುವ ಮಳೆ ಬಂದರೆ ಕಣಿವೆಯ ತುಂಬ ಹೊಳೆಯೇ ಹರಿಯುತ್ತದೆ. ಆ ನೀರು ಒಳನುಗ್ಗಿದರೆ ಗುಂಡಿಗೆ ಬಿದ್ದು ಅಲ್ಲೇ ನಿಲ್ಲುತ್ತಿತ್ತು. ಬೆಲ್ಜೋನಿ ಓಡಾಟಕ್ಕೆ ಸುಲಭವಾಗಲಿ ಎಂದು ಅದನ್ನು ತುಂಬಿಸಿಬಿಟ್ಟ. ಸ್ವಲ್ಪ ಕಾಲದಲ್ಲೇ ಮಳೆ ಬಂತು, ನೀರು ನೇರ ಒಳಗಿಳಿಯಿತು. ಕೆಳಗಿರುವುದು ನೀರು ಕುಡಿದರೆ ಉಬ್ಬುವ ಜಾತಿಯ ಕಲ್ಲು. ಗೋಡೆ ಬಿರುಕುಬಿಟ್ಟಿತು, ಕಂಬಗಳ ಮೂಲೆ ಉದುರಿತು. ನೀರಿನ ಯಂತ್ರ ಮಾರಲು ಬಂದವನು, ನೀರಿನ ದಾರಿ ನೋಡಿಯೇ ಈ ಬಾಗಿಲು ಹುಡುಕಿದವನು ಇದನ್ನು ಮಾಡಿದ್ದು!

ಅರಸನ ಕೋಣೆಯ ನೆಲದಿಂದ ಇನ್ನೂ ಒಂದು ಸುರಂಗ ಕೆಳಕ್ಕೆ ಹೋಗುತ್ತದೆ. ಕೊನೆಯಲ್ಲಿ ನಿಧಿ ಇದೆ ಎಂಬ ನಂಬಿಕೆ ಊರವರಲ್ಲಿ ಬಹಳ ಹಿಂದಿನದು. 1960ರಲ್ಲಿ ಅಲ್ಲಿನವರೊಬ್ಬರು ಅಗೆಸಿ ಅರ್ಧಕ್ಕೆ ಬಿಟ್ಟರು. 2007ರ ನಂತರ ಈಜಿಪ್ಟಿನ ಪುರಾತತ್ವಜ್ಞ ಜಾಹಿ ಹವಾಸ್ ಅವರ ತಂಡ ಪೂರ್ತಿ ಮಣ್ಣು ತೆಗೆಸಿತು. ಸುರಂಗ ಸುಮಾರು 174 ಮೀಟರ್ ಇಳಿದು, ಒಂದು ಮೆಟ್ಟಿಲ ಸಾಲು ಶುರುವಾಗಿ, ಇದ್ದಕ್ಕಿದ್ದಂತೆ ನಿಂತಿದೆ. ನಿಧಿಯೂ ಇಲ್ಲ, ಕೋಣೆಯೂ ಇಲ್ಲ. ಅರಸ ತೀರಿಕೊಂಡ ಮೇಲೆ ದೇಹ ಸಿದ್ಧಪಡಿಸಲು 70 ದಿನ ಹಿಡಿಯುತ್ತಿತ್ತು, ಕೆಲಸಗಾರರಿಗೆ ಉಳಿಯುತ್ತಿದ್ದ ಗಡುವೂ ಅಷ್ಟೇ. ಸುರಂಗದ ಕೆಲಸ ನಿಂತದ್ದೂ ಸೇಟಿಯ ಸಾವಿನಿಂದಲೇ ಇರಬೇಕು. ಹವಾಸ್ ತಂಡಕ್ಕೆ ಒಳಗೆ ಮೇಸ್ತ್ರಿ ಬರೆದ ಒಂದು ಸೂಚನೆ ಸಿಕ್ಕಿತು. ಬಾಗಿಲ ಚೌಕಟ್ಟು ಇನ್ನಷ್ಟು ಮೇಲಕ್ಕೆ ಹೋಗಲಿ, ದಾರಿ ಇನ್ನಷ್ಟು ಅಗಲವಾಗಲಿ ಅಂತ.

ನಮಸ್ಕಾರ.