ನನ್ನನ್ನು ಕೋಡಂಗಿ ಎನ್ನಿ, ಉದಯೋನ್ಮುಖ ಎನ್ನಬೇಡಿ

ಕಳೆದ ತಿಂಗಳು ಮನೆಗೆ ಒಂದು ಆಹ್ವಾನ ಪತ್ರಿಕೆ ಬಂತು. ತಾಲ್ಲೂಕು ಮಟ್ಟದ ಕವಿಗೋಷ್ಠಿ. ಹಳದಿ ಕಾಗದ, ಕೆಂಪು ಅಕ್ಷರ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ. ಇವರೆಲ್ಲರ ಫೋಟೊ ಮುಗಿದ ಮೇಲೆ, ತೀರಾ ಕೆಳಗೆ, ಸಾಸಿವೆ ಕಾಳಿನ ಗಾತ್ರದ ಅಕ್ಷರದಲ್ಲಿ 23 ಹೆಸರು. ಅವುಗಳಲ್ಲಿ 17ನೆಯದು ನನ್ನದು. ಪಟ್ಟಿಯ ತಲೆಯ ಮೇಲೆ ‘ಉದಯೋನ್ಮುಖ ಕವಿಗಳು’ ಎಂದು ಅಚ್ಚಾಗಿತ್ತು.

ನನಗೀಗ 46 ವರ್ಷ. ಈ ವಿಶೇಷಣ ಮೊದಲ ಸಲ ನನಗೆ ಅಂಟಿಕೊಂಡಾಗ 24. ಸೂರ್ಯನಾದರೂ ಮೂಡಣದಲ್ಲಿ ಸ್ವಲ್ಪ ಹೊತ್ತು ಕೆಂಪಾಗಿ ಆಮೇಲೆ ಹುಟ್ಟಿಯೇ ಬಿಡುತ್ತಾನೆ. ನಾನು 22 ವರ್ಷದಿಂದ ಬೆಟ್ಟದ ಹಿಂದೆಯೇ ನಿಂತಿದ್ದೇನೆ.

ಹೊಸಬರನ್ನು ಕರೆಯಲು ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ. ಎಳಸು, ಹಸಿ, ಅರೆಬೆಂದವನು, ಇನ್ನೂ ಮೀಸೆ ಚಿಗುರದವನು. ಅರ್ಧ ತೋಟದಿಂದ ಬಂದವು, ಅರ್ಧ ಅಡುಗೆಮನೆಯಿಂದ. ಕಲಿತವನಿಗೆ ಇರುವ ಪದಗಳಲ್ಲಿ ಮಾತ್ರ ಸ್ವಲ್ಪ ಪೆಟ್ಟಿನ ವಾಸನೆಯಿದೆ. ‘ಪಳಗಿದ ಕೈ’ ಎನ್ನುತ್ತೇವೆ. ಸಕ್ರೆಬೈಲಿನ ಬಿಡಾರದಲ್ಲಿ ಕಾಡಾನೆಗೆ ಮಾಡುವುದೂ ಅದನ್ನೇ, ಪಳಗಿಸುವುದನ್ನೇ.

ಇವು ಯಾವುವೂ ನನಗೆ ಬೇಸರ ತರಿಸುವುದಿಲ್ಲ. ಎಳಸು ಎಂದರೆ ನಾಳೆ ಬಲಿಯುತ್ತದೆ ಎಂಬ ಭರವಸೆ ಅದರೊಳಗೇ ಇದೆ. ನನ್ನ ತಕರಾರು ಇರುವುದು ಮರ್ಯಾದೆಯ ಪದಗಳ ಮೇಲೆ. ಆಕಾಂಕ್ಷಿ, ಅಭ್ಯರ್ಥಿ, ಉದಯೋನ್ಮುಖ. ಕೇಳುವುದಕ್ಕೆ ಇಂಪಾಗಿವೆ, ಒಳಗೆ ಕೂರುವುದಕ್ಕೆ ಒಂದು ಮಣೆಯೂ ಇಲ್ಲ.

ಧಾರವಾಡದ ಸಪ್ತಾಪುರಕ್ಕೆ ಹೋಗಿ ನೋಡಿ. ಬೀದಿ ತುಂಬ ಕೋಚಿಂಗ್ ಕೇಂದ್ರಗಳು, ಓದುವ ಕೊಠಡಿಗಳು, ಝೆರಾಕ್ಸ್ ಅಂಗಡಿಗಳು. ಅಲ್ಲಿನ ಹುಡುಗರಿಗೆ ಪತ್ರಿಕೆಗಳು ಕೊಟ್ಟಿರುವ ಹೆಸರು ‘ಉದ್ಯೋಗಾಕಾಂಕ್ಷಿ’, ಇಲ್ಲವೇ ‘ಸ್ಪರ್ಧಾರ್ಥಿ’. ಅರ್ಥಿ ಎಂದರೆ ಬೇಡುವವನು. ಅಧಿಸೂಚನೆ ಹೊರಡುವವರೆಗೆ ಆಕಾಂಕ್ಷಿ, ಅರ್ಜಿ ಹಾಕಿದ ಮೇಲೆ ಅಭ್ಯರ್ಥಿ, ಪರೀಕ್ಷೆ ಮುಂದೂಡಿದರೆ ಮತ್ತೆ ಆಕಾಂಕ್ಷಿ. ಹೆಸರು ಬದಲಾಗುತ್ತದೆ, ಅವನು ಮಾತ್ರ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇರುತ್ತಾನೆ. ಹಳಬರು ‘ಉಮೇದುವಾರ’ ಎನ್ನುತ್ತಿದ್ದರು. ಪಾರಸಿಯ ಪದ, ಉಮೇದು ಎಂದರೆ ಅಲ್ಲಿ ಆಸೆ, ಭರವಸೆ. ಬ್ರಿಟಿಷರ ಕಾಲದ ಕಚೇರಿಗಳಲ್ಲಿ ಇಂದಲ್ಲ ನಾಳೆ ಕೆಲಸ ಸಿಕ್ಕೀತೆಂದು ಕಾದಿರುವವನಿಗೂ ಇದೇ ಹೆಸರಿತ್ತು. ಆ ಪದ ಕನ್ನಡಕ್ಕೆ ಬಂದು ಉತ್ಸಾಹವೆಂಬ ಅರ್ಥ ಪಡೆದುಕೊಂಡಿತಲ್ಲ, ಅದೊಂದೇ ಸಮಾಧಾನ.

ರಾಜಕೀಯದವರ ಕಥೆ ಬೇರೆ. ಅಲ್ಲಿ ಮೂರು ಸಲ ಮಂತ್ರಿಯಾಗಿದ್ದವರೂ ಚುನಾವಣೆ ಬಂದರೆ ‘ಟಿಕೆಟ್ ಆಕಾಂಕ್ಷಿ’. ಅವರನ್ನು ಬಿಡಿ.

ಈಗ ನನಗೆ ಇಷ್ಟವಾದ ಪದಕ್ಕೆ ಬರುತ್ತೇನೆ. ಕೋಡಂಗಿ. ಊರಲ್ಲಿ ಇದು ಬೈಗುಳ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂದು ಸಾಲ ಕೊಟ್ಟು ಕೆಟ್ಟವರೆಲ್ಲ ಹಲುಬುತ್ತಾರೆ. ಆದರೆ ಕರಾವಳಿಯ ಯಕ್ಷಗಾನ ಮೇಳದಲ್ಲಿ ಕೋಡಂಗಿ ಎಂಬುದು ಒಂದು ವೇಷ, ಕಲಿಯಲು ಬಂದ ಹುಡುಗನ ಮೊದಲ ಮೆಟ್ಟಿಲು. ಪ್ರಸಂಗ, ಅಂದರೆ ಆ ರಾತ್ರಿಯ ಕಥೆ, ಶುರುವಾಗುವ ಮೊದಲು ಪೂರ್ವರಂಗವಿರುತ್ತದೆ. ಅದರಲ್ಲಿ ಮೊದಲು ರಂಗಕ್ಕೆ ಬರುವವರು ಇವರು. ಕಿರೀಟವಿಲ್ಲ, ಮಾತಿಲ್ಲ. ಆ ಹೊತ್ತಿಗೆ ಹಾಡುವುದಕ್ಕೆ ಕೂತವರೂ ದೊಡ್ಡ ಭಾಗವತರಲ್ಲ, ಹೆಚ್ಚಾಗಿ ಕಲಿಯುತ್ತಿರುವವರೇ.

ನಾನು ಚಿಕ್ಕವನಿದ್ದಾಗ ಗದ್ದೆಯ ಬಯಲಾಟದಲ್ಲಿ ನೋಡಿದ ಒಬ್ಬ ಹುಡುಗ ಇನ್ನೂ ಕಣ್ಣಲ್ಲಿದ್ದಾನೆ. ಹನ್ನೆರಡು ವರ್ಷವಿದ್ದೀತು. ಒಂದು ಕಾಲಿನ ಗೆಜ್ಜೆ ಸಡಿಲವಾಗಿ ಪಾದದ ಮೇಲೆ ಜಾರಿತ್ತು. ಜೊತೆಯವನು ಬಲಕ್ಕೆ ತಿರುಗಿದರೆ ಇವನು ಎಡಕ್ಕೆ. ಹೆಜ್ಜೆ ತಪ್ಪಿದಾಗ ಪಕ್ಕದವನ ಕಾಲನ್ನೇ ನೋಡಿಕೊಂಡು ಮತ್ತೆ ತಾಳ ಹಿಡಿದ. ಚೆಂಡೆಯವರು ನಕ್ಕರು, ಬೈಯಲಿಲ್ಲ. ಸಭೆಯಲ್ಲಿ ನಾವು ನಾಲ್ಕು ಮಕ್ಕಳು, ಒಬ್ಬ ಅಜ್ಜ. ಉಳಿದವರು ಇನ್ನೂ ಮನೆಯಲ್ಲಿ ಊಟ ಮಾಡುತ್ತಿದ್ದರು; ಬಂದವರು ನೆಲಗಡಲೆಯ ಅಂಗಡಿಯ ಮುಂದೆ ನಿಂತಿದ್ದರು. ತಪ್ಪುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಹೇಳಿ? ದೀಪವೂ ನಿಜವಾದದ್ದು, ತಾಳವೂ ನಿಜವಾದದ್ದು, ನೋಡುವವರು ಮಾತ್ರ ಇನ್ನೂ ಬಂದಿಲ್ಲ.

ಕೋಡಂಗಿಯಾದ ಮೇಲೆ ಬಾಲಗೋಪಾಲ, ಆಮೇಲೆ ಪೂರ್ವರಂಗದಲ್ಲೇ ಕುಣಿಯುವ ಪೀಠಿಕಾ ಸ್ತ್ರೀವೇಷ. ಪ್ರಸಂಗದೊಳಗೆ ಮೊದಲು ದೂತ, ದೇವೇಂದ್ರನ ಪರಿವಾರದಲ್ಲಿ ಅಗ್ನಿಯೋ ವಾಯುವೋ. ಕಾಲು ಗಟ್ಟಿಯಾದ ಮೇಲೆ ಪುಂಡುವೇಷ, ಅಂದರೆ ಅಭಿಮನ್ಯು, ಬಬ್ರುವಾಹನರಂಥ ಎಳೆಯ ವೀರರು. ಒಂದೊಂದು ಮೆಟ್ಟಿಲಿಗೂ ಹೆಸರಿದೆ, ಬಣ್ಣ ಹಚ್ಚುವ ಚೌಕಿಯಲ್ಲಿ ಕೂರುವ ಜಾಗವಿದೆ. ‘ಅವನಿನ್ನೂ ಬಾಲಗೋಪಾಲ’ ಎಂದರೆ ಅವನು ಎಲ್ಲಿದ್ದಾನೆ, ಮುಂದೆ ಎಲ್ಲಿಗೆ ಹೋಗುತ್ತಾನೆ ಎಂದು ಮೇಳಕ್ಕೆಲ್ಲ ಗೊತ್ತು. ಉದಯೋನ್ಮುಖ ಕವಿಯ ಮುಂದಿನ ಮೆಟ್ಟಿಲು ಯಾವುದು? ನಾನು ಸಂಘಟಕರನ್ನೇ ಕೇಳಿದ್ದೇನೆ. ‘ಹಿರಿಯ ಕವಿ’ ಎಂದರು. ನಡುವೆ ಏನೂ ಇಲ್ಲವಂತೆ.

ಈ ಏಣಿಯೂ ಈಗ ಅಲುಗಾಡುತ್ತಿದೆ. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧ, ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರು, ಹೀಗಾಗಿ ಕಾಲಮಿತಿಯ ಆಟಗಳು ಹೆಚ್ಚಿವೆ. ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸುವಾಗ ಕತ್ತರಿ ಮೊದಲು ಬೀಳುವುದು ಪೂರ್ವರಂಗಕ್ಕೆ. ಯಾರೂ ನೋಡದ ಭಾಗವಲ್ಲವೇ, ಯಾರಿಗೆ ನಷ್ಟ ಎಂಬ ಲೆಕ್ಕ. ಯಾರೂ ನೋಡದಿರುವುದೇ ಆ ಹುಡುಗರ ಲಾಭವಾಗಿತ್ತು. ತರಬೇತಿ ಕೇಂದ್ರಗಳಿವೆ, ಒಳ್ಳೆಯ ಗುರುಗಳಿದ್ದಾರೆ, ನಿಜ. ಆದರೆ ಕೇಂದ್ರದಲ್ಲಿ ಕಲಿತವನು ನೇರವಾಗಿ ತುಂಬಿದ ಸಭೆಗೆ ಇಳಿಯಬೇಕು, ಅದನ್ನೂ ಯಾರೋ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿರುತ್ತಾರೆ.

ನಮ್ಮ ಕಾಲದಲ್ಲಿ ಕೋಡಂಗಿಗೆ ತೀರಾ ಹತ್ತಿರದ ಸಂಬಂಧಿ ಯಾರೆಂದರೆ ಎಲ್ ಬೋರ್ಡ್. ಕಚೇರಿಯಲ್ಲಿ ಹೊಸಬನನ್ನು ಗೇಲಿ ಮಾಡಲು ಬಳಸುತ್ತೇವೆ. ರಸ್ತೆಯಲ್ಲಿ ಮಾತ್ರ ಅದು ಹಕ್ಕುಪತ್ರ: ಬಿಳಿಯ ಮೇಲೆ ಕೆಂಪು ಅಕ್ಷರ, ಗಾಡಿಯ ಹಿಂದೆ ಮುಂದೆ ಎರಡೂ ಕಡೆ, ಪಕ್ಕದಲ್ಲಿ ಪರವಾನಗಿ ಇರುವ ಒಬ್ಬರು. ಚಡಾವಿನಲ್ಲಿ ಬಂಡಿ ನಿಂತುಹೋದರೆ ಹಿಂದಿನವನು ಹಾರ್ನ್ ಹೊಡೆದಾನು, ಆದರೆ ‘ನೀನು ರಸ್ತೆಗೇಕೆ ಬಂದೆ’ ಎಂದು ಕೇಳುವಂತಿಲ್ಲ.

ಅಂದಹಾಗೆ, ಆ ಕವಿಗೋಷ್ಠಿಗೆ ಹೋಗಿದ್ದೆ. ಎರಡು ನಿಮಿಷಕ್ಕೆ ಗಂಟೆ ಬಾರಿಸಿದರು. ಇಳಿಯುವಾಗ ಸಂಘಟಕರ ಕೈ ಹಿಡಿದು, ಮುಂದಿನ ಸಲ ದಯವಿಟ್ಟು ಆ ಪದ ತೆಗೆಯಿರಿ ಎಂದೆ. ಖಂಡಿತ ಎಂದರು, ಮಾತು ಉಳಿಸಿಕೊಂಡರು ಕೂಡ. ಹೊಸ ಆಹ್ವಾನ ಪತ್ರಿಕೆ ನಿನ್ನೆ ಬಂದಿದೆ. ಅದರಲ್ಲಿ ನಾನು ‘ಯುವ ಕವಿ’.