ರಾಣಿಯ ಪ್ರತಿನಿಧಿ ಪ್ರಧಾನಿಯನ್ನು ಕಿತ್ತುಹಾಕಿದ್ದು ಸರಿಯೇ?

ನಮಸ್ಕಾರ. ಚುನಾಯಿತ ಪ್ರಧಾನಿಯೊಬ್ಬರನ್ನು, ಯಾರೂ ಮತ ಹಾಕಿ ಆರಿಸದ ವ್ಯಕ್ತಿಯೊಬ್ಬರು ಮನೆಗೆ ಕಳುಹಿಸಿದರು. ಅದೂ ಬ್ರಿಟನ್ ರಾಣಿಯ ಹೆಸರಿನಲ್ಲಿ, 2013ರಲ್ಲಿ. ಕೇಳಿದ ಕೂಡಲೇ ಮೈ ಉರಿಯುತ್ತದೆ, ಅಲ್ಲವೇ? ಆದರೂ ನಾನು ಇವತ್ತು ಆ ವ್ಯಕ್ತಿಯ ಪರವಾಗಿಯೇ ಮಾತನಾಡುತ್ತೇನೆ. ಪೂರ್ತಿಯಾಗಿ ಅಲ್ಲ, ಬಹುಪಾಲು.

ದೇಶ ತುವಾಲು. ಪೆಸಿಫಿಕ್ ಸಾಗರದಲ್ಲಿ ಚದುರಿಬಿದ್ದ ಒಂಬತ್ತು ದ್ವೀಪಗಳು, ಎಲ್ಲವನ್ನೂ ಕೂಡಿಸಿದರೆ 26 ಚದರ ಕಿಲೋಮೀಟರ್ ನೆಲ. ಜನಸಂಖ್ಯೆ ಹನ್ನೊಂದು ಸಾವಿರದ ಆಸುಪಾಸು. ನಮ್ಮ ಒಂದು ದೊಡ್ಡ ಹೋಬಳಿಯಲ್ಲಿ ಇದಕ್ಕಿಂತ ಹೆಚ್ಚು ಜನರಿದ್ದಾರೆ. 1978ರಲ್ಲಿ ಸ್ವತಂತ್ರವಾದರೂ ಬ್ರಿಟನ್ನಿನ ದೊರೆಯನ್ನೇ ರಾಷ್ಟ್ರದ ಮುಖ್ಯಸ್ಥರನ್ನಾಗಿ ಉಳಿಸಿಕೊಂಡಿತು. ಅವರ ಪರವಾಗಿ ಅಲ್ಲಿ ಇರುವವರು ಗವರ್ನರ್ ಜನರಲ್. ಲಂಡನ್ನಿನಿಂದ ಬಂದಿಳಿಯುವ ಬಿಳಿಯ ಸಾಹೇಬರಲ್ಲ, ಅದೇ ದ್ವೀಪಗಳ ಮನುಷ್ಯ. ನೇಮಕವಾಗುವುದು ಪ್ರಧಾನಿಯ ಸಲಹೆಯಂತೆ. ಸಹಿ ಹಾಕುವುದು, ಪ್ರಮಾಣವಚನ ಬೋಧಿಸುವುದು, ಸಮಾರಂಭಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವುದು: ಹೆಚ್ಚು ದಿನಗಳು ಹೀಗೆಯೇ ಕಳೆಯುತ್ತವೆ.

ಆಗ ಸಂಸತ್ತಿನಲ್ಲಿ ಇದ್ದದ್ದು ಹದಿನೈದೇ ಸ್ಥಾನ. 2012ರ ಡಿಸೆಂಬರಿನಲ್ಲಿ ಹಣಕಾಸು ಸಚಿವರು ತೀರಿಕೊಂಡರು. ಉಪಚುನಾವಣೆ ನಡೆಸಲು ಪ್ರಧಾನಿ ವಿಲ್ಲಿ ತೆಲಾವಿ ಅವಸರ ತೋರಲಿಲ್ಲ. ಕೊನೆಗೆ ಹೈಕೋರ್ಟ್ ಆದೇಶ ಬೇಕಾಯಿತು. 2013ರ ಜೂನ್ ಕೊನೆಯಲ್ಲಿ ನುಕುಫೆತೌ ದ್ವೀಪದಲ್ಲಿ ಮತದಾನವಾಯಿತು, ವಿರೋಧ ಪಕ್ಷದವರು ಗೆದ್ದರು. ಲೆಕ್ಕ ತಿರುಗಿತು: ಅವರು ಎಂಟು, ಸರ್ಕಾರ ಏಳು.

ತೆಲಾವಿ ಏನು ಮಾಡಬೇಕಿತ್ತು? ಸದನ ಕರೆದು ಬಹುಮತ ಸಾಬೀತುಪಡಿಸಬೇಕಿತ್ತು. ಅವರು ಹೇಳಿದ್ದು ಬೇರೆ: ಸಂಸತ್ತು ವರ್ಷಕ್ಕೊಮ್ಮೆ ಸೇರಿದರೆ ಸಾಕು, ಡಿಸೆಂಬರ್ ತನಕ ಕರೆಯುವ ಅಗತ್ಯವಿಲ್ಲ! ಬಹುಮತ ಕಳೆದುಕೊಂಡವರಿಗೆ ಸಂವಿಧಾನದ ಅಕ್ಷರಗಳ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟುತ್ತದೆ, ಗಮನಿಸಿದ್ದೀರಾ?

ಆಗ ಗವರ್ನರ್ ಜನರಲ್ ಇಯಾಕೊಬಾ ಇಟಾಲೆಲಿ ಜುಲೈ 30ಕ್ಕೆ ಅಧಿವೇಶನ ಕರೆದರು. ಅದೇ ದಿನ ಆರೋಗ್ಯ ಸಚಿವರು ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟರು. ಒಂದು ಸ್ಥಾನ ಖಾಲಿ ಇರುವಾಗ ಅವಿಶ್ವಾಸ ಗೊತ್ತುವಳಿಗೆ ಅವಕಾಶವಿಲ್ಲ ಎಂದರು ಸ್ಪೀಕರ್. ಸದನವನ್ನು ಮುಂದೂಡಲಾಯಿತು. ಇಟಾಲೆಲಿ ಬಿಡಲಿಲ್ಲ, ಆಗಸ್ಟ್ 2ಕ್ಕೆ ಮತ್ತೆ ಸೇರಿ ಎಂದರು. ಆಗಸ್ಟ್ 1ರಂದು ತೆಲಾವಿ, ಗವರ್ನರ್ ಜನರಲ್‌ರನ್ನೇ ತೆಗೆದುಹಾಕುವಂತೆ ರಾಣಿಗೆ ಪತ್ರ ಬರೆದಿರುವುದಾಗಿ ಪ್ರಕಟಿಸಿದರು. ರಾಣಿ ಅದರ ಮೇಲೆ ಕ್ರಮಕ್ಕೆ ಮುಂದಾಗುವ ಮೊದಲೇ ಇಟಾಲೆಲಿ ತೆಲಾವಿಯನ್ನು ವಜಾ ಮಾಡಿ, ವಿರೋಧ ಪಕ್ಷದ ಎನೆಲೆ ಸೊಪೊಆಗಾ ಅವರನ್ನು ಹಂಗಾಮಿ ಪ್ರಧಾನಿಯನ್ನಾಗಿ ನೇಮಿಸಿದರು. ಮರುದಿನ ಸದನ ಸೇರಿತು, ಅವಿಶ್ವಾಸ ಅಂಗೀಕಾರವಾಯಿತು. ಆಗಸ್ಟ್ 4ರಂದು ಸದಸ್ಯರೇ ಸೊಪೊಆಗಾ ಅವರನ್ನು ಆರಿಸಿದರು.

ಇಟಾಲೆಲಿ ಅಧಿಕಾರವನ್ನು ತನ್ನ ಬಳಿ ಇಟ್ಟುಕೊಂಡದ್ದು ಎಷ್ಟು ಹೊತ್ತು? ಒಂದು ದಿನವೂ ಇಲ್ಲ. ನನಗೆ ಮುಖ್ಯವಾಗಿ ಕಾಣುವುದು ಇದೇ. ಹದಿನೈದು ಜನರ ಸದನದಲ್ಲಿ ಒಂದು ಸಾವು ಸರ್ಕಾರವನ್ನು ಉರುಳಿಸಬಹುದು, ಒಂದು ರಾಜೀನಾಮೆ ಅದನ್ನು ಉಳಿಸಬಹುದು. ಮೇಲ್ಮನೆ ಇಲ್ಲ. ಎದುರು ಕುಳಿತವರು ಒಂದೋ ನೆಂಟರು, ಇಲ್ಲವೇ ನೆರೆಯವರು. ಅಂಥ ಕಡೆ ಸದನದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡರೆ ಹೊರಗಿನಿಂದ ತೆಗೆಸಲು ಒಬ್ಬರು ಬೇಕು.

ನನ್ನ ತಕರಾರು ಒಂದಿದೆ. ಆಗಸ್ಟ್ 2ರ ಮತದಾನಕ್ಕೆ ಒಂದು ದಿನ ಮೊದಲು ಸೊಪೊಆಗಾ ಅವರನ್ನು ಕುರ್ಚಿಯಲ್ಲಿ ಕೂರಿಸುವ ಅಗತ್ಯವಿತ್ತೇ? ಫಲಿತಾಂಶ ಎಲ್ಲರಿಗೂ ಗೊತ್ತಿತ್ತು ನಿಜ. ಆದರೆ ಯಾರು ಪ್ರಧಾನಿ ಎಂಬುದನ್ನು ಸದನಕ್ಕಿಂತ ಮೊದಲು ದೊರೆಯ ಪ್ರತಿನಿಧಿ ಹೇಳಬಾರದು. ಕನ್ನಡಿಗರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ಹೋದದ್ದು ವಿಧಾನಸಭೆಯ ಮತದಿಂದಲ್ಲ, ರಾಜ್ಯಪಾಲರ ವರದಿಯಿಂದ. ಬಹುಮತದ ಪರೀಕ್ಷೆ ಸದನದಲ್ಲೇ ನಡೆಯಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ. ಹುದ್ದೆ ಅದೇ ಬ್ರಿಟಿಷ್ ಬೇರಿನದು, ರೋಗವೂ ಅದೇ.

ಇನ್ನು ಇದೇ ಹುದ್ದೆ ಭಯ ಹುಟ್ಟಿಸುವುದು ಕೆರಿಬಿಯನ್ ದ್ವೀಪದೇಶ ಗ್ರೆನಡಾದಲ್ಲಿ. ಅಲ್ಲಿ 1979ರಲ್ಲಿ ಮೌರಿಸ್ ಬಿಷಪ್ ಕ್ರಾಂತಿ ಮಾಡಿ ಸಂವಿಧಾನವನ್ನು ಅಮಾನತಿನಲ್ಲಿಟ್ಟರು, ಆದರೆ ಗವರ್ನರ್ ಜನರಲ್ ಪಾಲ್ ಸ್ಕೂನ್ ಅವರನ್ನು ಹಾಗೆಯೇ ಉಳಿಸಿಕೊಂಡರು. 1983ರ ಅಕ್ಟೋಬರ್ 19ರಂದು ಬಿಷಪ್ ಕೊಲೆಯಾಯಿತು. 25ರಂದು ಅಮೆರಿಕದ ಸೈನ್ಯ ಇಳಿಯಿತು. ಸಮರ್ಥನೆಗಳಲ್ಲಿ ಒಂದು, ಸ್ಕೂನ್ ನೆರವು ಕೇಳಿದ ಪತ್ರ. ಸಹಿ ಬಿದ್ದದ್ದು ಸೈನ್ಯ ಇಳಿಯುವ ಮೊದಲೋ ಆಮೇಲೋ ಎಂಬ ಜಗಳ ಇನ್ನೂ ಉಳಿದಿದೆ. ಸಂಸತ್ತೇ ಇರಲಿಲ್ಲ, ಹಾಗಾಗಿ ಅಧಿಕಾರವನ್ನು ಮರಳಿ ಪಡೆಯುವ ಕೈಗಳೂ ಇರಲಿಲ್ಲ. 1984ರ ಡಿಸೆಂಬರ್ ಚುನಾವಣೆಯವರೆಗೆ ಸ್ಕೂನ್ ನೇಮಿಸಿದ ಮಂಡಳಿಯೇ ಆಡಳಿತ ನಡೆಸಿತು.

ಹಾಗಾದರೆ ರಾಜಪ್ರಭುತ್ವವನ್ನೇ ಬಿಡಲಿ ಎನ್ನುತ್ತೀರಾ? ತುವಾಲು ಜನರನ್ನು 2008ರ ಜನಮತಗಣನೆಯಲ್ಲಿ ಇದನ್ನೇ ಕೇಳಿದ್ದರು: 1,260 ಮಂದಿ ರಾಣಿ ಇರಲಿ ಎಂದರು, 679 ಮಂದಿ ಗಣರಾಜ್ಯ ಬೇಕೆಂದರು. ಅದು ಅವರ ಆಯ್ಕೆ. ಆದರೆ ರಾಷ್ಟ್ರಪತಿ ಬಂದರೂ ಈ ಬಿಕ್ಕಟ್ಟು ತಪ್ಪುತ್ತಿರಲಿಲ್ಲ. ಸದನದ ಅರ್ಧಕ್ಕಿಂತ ಹೆಚ್ಚು ಸದಸ್ಯರು ಬರೆದು ಕೇಳಿದರೆ ಹದಿನೈದು ದಿನಗಳೊಳಗೆ ಅಧಿವೇಶನ ಸೇರಲೇಬೇಕು ಎಂಬ ಒಂದು ಸಾಲು 2013ರಲ್ಲಿ ಇದ್ದಿದ್ದರೆ, ತೆಲಾವಿ ಡಿಸೆಂಬರ್ ತನಕ ಕಾಯುವ ಮಾತನ್ನೇ ಆಡುತ್ತಿರಲಿಲ್ಲ, ಇಟಾಲೆಲಿಯ ಹೆಸರನ್ನು ನಾವು ಕೇಳುತ್ತಲೂ ಇರಲಿಲ್ಲ.